ಮಾಳಿಗೆ ಸೋರುತ್ತಿದ್ದರೆ: ನೀರಿನ ದಾರಿ ಹುಡುಕುವುದು ಹೇಗೆ, ತಪಾಸಣೆಗೆ ಬಂದವರು ಏನೇನು ನೋಡಬೇಕು

ಹನಿ ಬೀಳುವ ಜಾಗ ಒಂದು, ನೀರು ಒಳಗೆ ಹೊಕ್ಕ ಜಾಗ ಇನ್ನೊಂದು. ಸೋರುವ ಮಾಳಿಗೆಯ ಮುಖ್ಯ ತೊಂದರೆಯೇ ಇದು. ಕೋಣೆಯ ನಡುವೆ ಹನಿ ಬಿದ್ದರೆ ನಾವು ಟೆರೇಸ್ ಹತ್ತಿ, ಅಂದಾಜಿನ ಮೇಲೆ ಅದೇ ಜಾಗಕ್ಕೆ ಒಂದು ಡಬ್ಬಿ ಕೆಮಿಕಲ್ ಬಳಿಸುತ್ತೇವೆ. ಬೇಸಿಗೆ ಆರಾಮಾಗಿ ಕಳೆಯುತ್ತದೆ. ಮುಂದಿನ ಮಳೆಗೆ ಮತ್ತೆ ಅಲ್ಲೇ ಬಕೆಟ್ ಇಡಬೇಕಾಗುತ್ತದೆ. ಕೆಮಿಕಲ್ ಕೆಟ್ಟದ್ದು ಅಂತಲ್ಲ. ಕಾರಣ ಗೊತ್ತಾಗದೆ ಔಷಧ ಹಾಕಿದ್ದೇ ತಪ್ಪು. ತಪಾಸಣೆಗೆ ಹಣ ಕೊಟ್ಟು ಕರೆಸುವುದಿದ್ದರೆ ಅದು ಈ ಒಂದು ಪ್ರಶ್ನೆಗೆ: ನೀರು ಎಲ್ಲಿಂದ ಹೊಕ್ಕಿದೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಯ ಉತ್ತರ ಒಂದೇ ಥರ ಇರುವುದಿಲ್ಲ. ಬೆಳಗಾವಿ ನಗರದಲ್ಲಿ ವರ್ಷದ ಮಳೆ ಸಾವಿರ ಮಿಲಿಮೀಟರ್ ದಾಟುತ್ತದೆ, ಖಾನಾಪುರದ ಕಡೆ ಇನ್ನೂ ಜಾಸ್ತಿ. ಅಲ್ಲಿ ಜುಲೈನಲ್ಲಿ ವಾರಗಟ್ಟಲೆ ಹಿಡಿಯುವ ಜಿಟಿಜಿಟಿ ಮಳೆ ಮಾಳಿಗೆಯನ್ನು ನೆನೆಸಿ ನೆನೆಸಿ ಒಳಗೆ ಇಳಿಯುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಮಳೆ ಅದರ ಅರ್ಧದಷ್ಟು. ಅಲ್ಲಿ ಮಾಳಿಗೆಯನ್ನು ಮೊದಲು ಕೆಡಿಸುವುದು ಬಿಸಿಲು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಿರುಕು ಬಿಟ್ಟ ಸ್ಲ್ಯಾಬ್ ಸೆಪ್ಟೆಂಬರ್ ಮಳೆಯಲ್ಲಿ ಸೋರುತ್ತದೆ.

ಯಾರನ್ನೂ ಕರೆಯುವ ಮೊದಲು: ಹನಿ ಯಾವಾಗ ಬೀಳುತ್ತದೆ?

ಒಂದು ಹಳೆ ನೋಟ್‌ಬುಕ್ ತೆಗೆದುಕೊಳ್ಳಿ. ಮಳೆ ಶುರುವಾದ ಹೊತ್ತು, ಹನಿ ಶುರುವಾದ ಹೊತ್ತು, ಮಳೆ ನಿಂತ ಹೊತ್ತು, ಹನಿ ನಿಂತ ಹೊತ್ತು ಬರೆದಿಡಿ. ಗಾಳಿ ಯಾವ ಕಡೆಯಿಂದ ಇತ್ತು ಅಂತಲೂ ಬರೆಯಿರಿ. ಅನುಭವಿ ಇಂಜಿನಿಯರ್‌ಗೆ ಈ ಒಂದು ಪುಟ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆಯೇ.

ಮಳೆ ಬಂದ ಕೆಲವೇ ನಿಮಿಷಕ್ಕೆ ಹನಿ ಬಂದರೆ ನೀರಿಗೆ ನೇರ ದಾರಿ ಇದೆ. ಮಳೆಪೈಪಿನ ಬಾಯಿಯ ಸುತ್ತಲಿನ ಸಂದು, ಸ್ಲ್ಯಾಬಿನ ಆರಪಾರ ಬಿರುಕು, ಯಾರೋ ಕೊರೆದು ಬಿಟ್ಟ ತೂತು ಇವನ್ನು ಮೊದಲು ನೋಡಬೇಕು. ಮಳೆ ನಿಂತು ಎರಡು ಮೂರು ದಿನವಾದರೂ ಹನಿ ನಿಲ್ಲದಿದ್ದರೆ ನೀರು ನಡುವೆ ಎಲ್ಲೋ ಕೂತಿದೆ. ಸ್ಲ್ಯಾಬಿನ ಮೇಲೆ ಕೋಬಾ, ಅಂದರೆ ಇಟ್ಟಿಗೆ ಚೂರು ಮತ್ತು ಗಾರೆಯ ಪದರ, ಹಾಕಿದ್ದರೆ ಇದು ತೀರಾ ಸಾಮಾನ್ಯ. ಮೇಲಿನ ಗಾರೆ ಬಿರಿದರೆ ಕೋಬಾ ಸ್ಪಂಜಿನ ಹಾಗೆ ನೀರು ಹೀರಿಕೊಂಡು, ಮಳೆ ಹೋದ ಮೇಲೂ ನಿಧಾನಕ್ಕೆ ಕೆಳಗೆ ಬಿಡುತ್ತಿರುತ್ತದೆ. ಗಾಳಿಮಳೆಗೆ ಮಾತ್ರ ಸೋರಿ, ನೆಟ್ಟಗೆ ಸುರಿದ ಮಳೆಗೆ ಸೋರದಿದ್ದರೆ ಸಂಶಯ ಮಾಳಿಗೆಯ ಮೇಲಲ್ಲ, ಗೋಡೆ ಮತ್ತು ಪ್ಯಾರಪೆಟ್ (ಟೆರೇಸಿನ ಅಂಚಿನ ಗಿಡ್ಡ ಗೋಡೆ) ಮೇಲೆ. ಬೆಳಗಾವಿಯಲ್ಲಿ ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳನ್ನು ಮೊದಲು ನೋಡಿ.

ಮಳೆಯೇ ಇಲ್ಲದಾಗಲೂ ತೇವ ಇದ್ದರೆ? ಆಗ ಮಾಳಿಗೆಯ ತಪಾಸಣೆಗೆ ಹಣ ಹಾಕಬೇಡಿ, ಪ್ಲಂಬರ್ ಕರೆಯಿರಿ. ಅದಕ್ಕೂ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ರಾತ್ರಿ ಟ್ಯಾಂಕ್‌ನಿಂದ ಇಳಿಯುವ ಎಲ್ಲ ವಾಲ್ವ್ ಬಂದ್ ಮಾಡಿ, ಒಳಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕೋ ವಾಲ್ವೋ ಸೋರುತ್ತಿದೆ. ಮರುದಿನ ವಾಲ್ವ್ ತೆರೆದು, ಮನೆಯ ನಲ್ಲಿ ಮಾತ್ರ ಬಂದ್ ಇಟ್ಟು ಅದನ್ನೇ ಮಾಡಿ. ಈಗ ಇಳಿದರೆ ದೋಷ ಪೈಪಿನಲ್ಲಿ.

ಇನ್ನೊಂದು ಅನುಮಾನವೂ ಇರುತ್ತದೆ. ಮಳೆಗಾಲದಲ್ಲಿ ಮುಚ್ಚಿಟ್ಟ ಕೋಣೆಯ ಮೂಲೆಯಲ್ಲಿ ಕಪ್ಪು ಬೂಸ್ಟು ಬಂದರೆ ಅದು ಸೋರಿಕೆಯೇ ಆಗಬೇಕೆಂದಿಲ್ಲ. ಒಳಗಿನ ಹಬೆ ತಣ್ಣನೆಯ ಗೋಡೆಗೆ ಕೂತು ನೀರಾಗಿರಬಹುದು. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಆ ಜಾಗಕ್ಕೆ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ಅದು ಕೋಣೆಯ ಹಬೆ, ಕಿಟಕಿ ತೆರೆದಿಡಿ. ಹಾಳೆಯ ಹಿಂದೆ ನೀರಿದ್ದರೆ ಅದು ಗೋಡೆಯೊಳಗಿಂದ ಬಂದದ್ದು.

ಕಲೆ ಹೇಳುವ ಸುದ್ದಿ

ಸೀಲಿಂಗಿನ ಕಲೆಗೆ ಬಣ್ಣ ಬಳಿಯುವ ಮೊದಲು ಅದರ ಫೋಟೋ ತೆಗೆದಿಡಿ. ತಪಾಸಣೆಯ ಮೊದಲು ಯಾವ ಕಾರಣಕ್ಕೂ ಬಣ್ಣ ಹೊಡೆಸಬೇಡಿ. ಸಾಕ್ಷಿಯೇ ಅಳಿಸಿಹೋಗುತ್ತದೆ.

ಒಂದರೊಳಗೊಂದು ಕಂದು ಉಂಗುರ ಇದ್ದರೆ ಆ ಜಾಗ ಹಲವು ಸಲ ನೆನೆದು ಒಣಗಿದೆ. ಬಿಳಿ ಪುಡಿ ಅಥವಾ ಸುಣ್ಣದ ಕಡ್ಡಿ ಇಳಿಬಿದ್ದಿದ್ದರೆ ನೀರು ಕಾಂಕ್ರೀಟಿನ ಒಳಗೇ ಬಹಳ ದಿನದಿಂದ ಓಡಾಡಿ ಸಿಮೆಂಟಿನ ಸುಣ್ಣವನ್ನು ಕರಗಿಸಿ ತಂದಿದೆ. ತುಕ್ಕಿನ ಕೆಂಪು ಗೆರೆ ಕಂಡರೆ ಮಾತ್ರ ತಡ ಮಾಡಬೇಡಿ. ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ ಎಂಬುದರ ಗುರುತು ಅದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಆ ಒತ್ತಡಕ್ಕೆ ಕೆಳಗಿನ ಗಾರೆ ಉಬ್ಬಿ, ಬಿರಿದು, ಚಕ್ಕೆಯಾಗಿ ಬೀಳುತ್ತದೆ. ಕೆಳಗೆ ಮಕ್ಕಳ ಮಂಚ ಇದ್ದರೆ ಇವತ್ತೇ ಸರಿಸಿ.

ಫ್ಯಾನ್ ಅಥವಾ ಲೈಟಿನ ಪೆಟ್ಟಿಗೆಯಿಂದ ಹನಿ ಬಿದ್ದರೆ ಮೊದಲು ಆ ಸಾಲಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಆಮೇಲೆ ಬಕೆಟ್ ಹುಡುಕಿ. ಸ್ಲ್ಯಾಬ್ ಹಾಕುವಾಗ ಕರೆಂಟಿನ ವೈರಿಗಾಗಿ ಒಳಗೆ ಪೈಪ್ ಮಲಗಿಸಿರುತ್ತಾರೆ. ನೀರಿಗೆ ಅದು ಸಿದ್ಧ ಕಾಲುವೆ. ಬೆಳಗಾವಿಯ ಹಿಂದವಾಡಿಯ ಒಂದು ಮನೆಯಲ್ಲಿ ಫ್ಯಾನಿನ ಕೊಕ್ಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಫ್ಯಾನಿನ ಮೇಲಿನ ಟೆರೇಸ್ ಭಾಗಕ್ಕೆ ಎರಡು ಸಲ ಕೋಟಿಂಗ್ ಹಾಕಿಸಿದ್ದರು. ಆಮೇಲೆ ಬಂದ ಇಂಜಿನಿಯರ್ ಟೆರೇಸನ್ನು ಭಾಗ ಭಾಗ ಮಾಡಿ ನೀರು ನಿಲ್ಲಿಸಿದರು. ಫ್ಯಾನಿನ ನೇರ ಮೇಲೆ ನೀರು ನಿಂತಾಗ ಏನೂ ಆಗಲಿಲ್ಲ. ಸುಮಾರು 12 ಅಡಿ ಆಚೆ, ಸೋಲಾರ್ ವಾಟರ್ ಹೀಟರ್ ನಿಂತ ಮೂಲೆಯಲ್ಲಿ ನೀರು ನಿಲ್ಲಿಸಿದ ಮೇಲೆ ಹನಿ ಶುರುವಾಯಿತು. ಸ್ಟ್ಯಾಂಡಿನ ಕಾಲಿಗೆ ಬೋಲ್ಟ್ ಹಾಕಲು ಕೋಬಾ ಕೊರೆದಿದ್ದರು. ನೀರು ಬೋಲ್ಟಿನ ಪಕ್ಕದಿಂದ ಇಳಿದು, ಕೋಬಾದ ಅಡಿಯಲ್ಲಿ ಹರಿದು, ವೈರಿನ ಪೈಪ್ ಹಿಡಿದು ಫ್ಯಾನಿಗೆ ಬರುತ್ತಿತ್ತು. ಸೋಲಾರ್, ಡಿಶ್, ಧ್ವಜದ ಕಂಬ, ಬಟ್ಟೆ ಒಣಗಿಸುವ ತಂತಿಯ ಗೂಟ: ಟೆರೇಸಿಗೆ ಕೊರೆದ ಒಂದೊಂದು ತೂತಿನ ಲೆಕ್ಕವೂ ನಿಮ್ಮ ಹತ್ತಿರ ಇರಲಿ.

ತಪಾಸಣೆಯ ದಿನ

ಒಳ್ಳೆಯ ತಪಾಸಣೆ ಮಾಳಿಗೆಯ ಮೇಲಿಂದ ಶುರುವಾಗುವುದಿಲ್ಲ. ಬಂದವರು ಮೊದಲು ನಿಮ್ಮ ಜೊತೆ ಕೂತು ಕೇಳಬೇಕು. ಮನೆಗೆ ಎಷ್ಟು ವರ್ಷ? ಮೇಲೆ ಮಹಡಿ ಕಟ್ಟಿದ್ದು ಯಾವಾಗ? ಹಿಂದೆ ಏನೇನು ಬಳಿಸಿದ್ದೀರಿ? ನಕ್ಷೆ ಇದೆಯೇ? ಬಾಗಲಕೋಟೆಯ ನವನಗರದಲ್ಲಿ ಮೊದಮೊದಲು ಕಟ್ಟಿದ ಮನೆಗಳಿಗೆ ಈಗ 20 ವರ್ಷ ದಾಟಿದೆ. ಅಷ್ಟು ಹಳೆಯ ಸ್ಲ್ಯಾಬಿಗೂ ಐದು ವರ್ಷದ ಸ್ಲ್ಯಾಬಿಗೂ ಒಂದೇ ಮದ್ದು ಹೇಳುವವರು ನೋಡದೆಯೇ ಹೇಳುತ್ತಿದ್ದಾರೆ ಎಂದರ್ಥ.

ಆಮೇಲೆ ಒಳಗಿನ ಸೀಲಿಂಗ್, ಹೊರಗಿನ ಗೋಡೆ, ಕೊನೆಗೆ ಟೆರೇಸ್. ಒಳಗೆ ಸಣ್ಣ ಸುತ್ತಿಗೆಯಿಂದ ಸೀಲಿಂಗನ್ನು ಅಲ್ಲಲ್ಲಿ ತಟ್ಟುತ್ತಾರೆ. ಗಟ್ಟಿ ಜಾಗ ಖಣ್ ಅನ್ನುತ್ತದೆ, ಗಾರೆ ಬಿಟ್ಟ ಜಾಗ ಟೊಳ್ಳು ಸದ್ದು ಮಾಡುತ್ತದೆ. ಟೊಳ್ಳು ಕೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕುತ್ತಾ ಹೋಗುತ್ತಾರೆ. ಈ ಕೆಲಸಕ್ಕೆ ಯಂತ್ರ ಬೇಡ, ಕಿವಿ ಬೇಕು. ನೀವೂ ಪಕ್ಕದಲ್ಲಿ ನಿಂತು ಕೇಳಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ತೇವ ಅಳೆಯುವ ಮೀಟರ್ ತಂದಿದ್ದರೆ ಒಳ್ಳೆಯದು, ಆದರೆ ಅದರ ಅಂಕಿಯನ್ನೇ ನಂಬಿ ಕೂರಬೇಡಿ. ಗೋಡೆಯಲ್ಲಿ ಉಪ್ಪಿದ್ದರೆ, ಕಬ್ಬಿಣ ಮೇಲಕ್ಕೇ ಇದ್ದರೆ ಅದು ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಣ ಜಾಗದ ಅಂಕಿಗೂ ಒದ್ದೆ ಜಾಗದ ಅಂಕಿಗೂ ಇರುವ ವ್ಯತ್ಯಾಸ ಮುಖ್ಯ. ಥರ್ಮಲ್ ಕ್ಯಾಮೆರಾದ ಬಗ್ಗೆಯೂ ಇದೇ ಮಾತು. ಅದು ನೀರನ್ನು ನೋಡುವುದಿಲ್ಲ, ಮೈಮೇಲಿನ ಬಿಸಿ-ತಂಪನ್ನು ನೋಡುತ್ತದೆ. ದಿನವಿಡೀ ಕಾದ ಟೆರೇಸ್ ಸಂಜೆ ತಣ್ಣಗಾಗುವಾಗ ನೀರು ಹಿಡಿದ ಭಾಗ ತಡವಾಗಿ ತಣ್ಣಗಾಗುತ್ತದೆ. ಹಾಗಾಗಿ ಟೆರೇಸಿನ ಮೇಲೆ ಅದನ್ನು ಹಿಡಿಯಲು ಬಿಸಿಲಿನ ದಿನದ ಸಂಜೆಯೇ ಸರಿ. ಮೋಡ ಕವಿದ ಬೆಳಿಗ್ಗೆ ಬಂದು ಬಣ್ಣಬಣ್ಣದ ಚಿತ್ರ ತೋರಿಸಿದರೆ ಅದರಿಂದ ತಿಳಿಯುವುದು ಕಡಿಮೆ.

ಬಿರುಕುಗಳ ಹತ್ತಿರ ಹೆಚ್ಚು ಹೊತ್ತು ಕಳೆಯುವವರು ಸರಿಯಾದ ಮನುಷ್ಯರು. ವಿಜಯಪುರ, ಬಾಗಲಕೋಟೆಯಲ್ಲಿ ಮೇಲಿನ ಮಹಡಿಯ ಗೋಡೆಯಲ್ಲಿ, ಸ್ಲ್ಯಾಬಿನ ಕೆಳಗೇ, ಅಡ್ಡಕ್ಕೆ ಎಳೆದ ಬಿರುಕು ಎಷ್ಟೋ ಮನೆಗಳಲ್ಲಿ ಇದೆ. ಅದಕ್ಕೆ ಕಾರಣ ಬಿಸಿಲು. ಕಾಂಕ್ರೀಟ್ ಕಾದರೆ ಹಿಗ್ಗುತ್ತದೆ. 10 ಮೀಟರ್ ಉದ್ದದ ಸ್ಲ್ಯಾಬ್ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಅಲ್ಲಾಡುವುದಿಲ್ಲ. ಎರಡೂ ಸೇರುವ ಗೆರೆಯಲ್ಲಿ ಬಿರಿಯುತ್ತದೆ. ಗಾಳಿಮಳೆಯ ನೀರು ಹೊರಗಿನಿಂದ ಆ ಗೆರೆಗೆ ನುಗ್ಗಿ ಒಳಗೆ ಇಳಿದಾಗ, ಮಾಳಿಗೆ ಸೋರುತ್ತಿದೆ ಎಂದುಕೊಂಡು ಇಡೀ ಟೆರೇಸಿಗೆ ಖರ್ಚು ಮಾಡಿದವರಿದ್ದಾರೆ. ಬಿರುಕು ಗೋಡೆಯದ್ದು, ಹಣ ಹೋದದ್ದು ಮಾಳಿಗೆಗೆ.

ಬಿರುಕು ಇನ್ನೂ ಅಲ್ಲಾಡುತ್ತಿದೆಯೇ ಅಥವಾ ನಿಂತಿದೆಯೇ ಎಂದು ತಿಳಿಯಲು ಅದರ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುತ್ತಾರೆ. ಕೆಲವು ವಾರದಲ್ಲಿ ಗಾಜು ಒಡೆದರೆ ಬಿರುಕು ಜೀವಂತ. ಅದಕ್ಕೆ ಸಿಮೆಂಟ್ ತುಂಬಿದರೆ ಮತ್ತೆ ಬಿರಿಯುವುದು ಖಂಡಿತ. ಹಿಗ್ಗಿ ಕುಗ್ಗುವ ಸೀಲೆಂಟ್ ಬೇಕು. ಈ ವ್ಯತ್ಯಾಸ ಹೇಳದೆ ಎಲ್ಲ ಬಿರುಕಿಗೂ ಒಂದೇ ಪುಟ್ಟಿ ಹೇಳಿದರೆ ಕಾರಣ ಕೇಳಿ.

ಟೆರೇಸಿನ ಮೇಲೆ ನೋಡಬೇಕಾದ್ದು ಮೂರು ಕಡೆ ಜಾಸ್ತಿ. ಒಂದು, ಇಳಿಜಾರು. 100ಕ್ಕೆ 1 ಇರಬೇಕು, ಅಂದರೆ 10 ಅಡಿಗೆ ಸುಮಾರು ಒಂದೂಕಾಲು ಇಂಚು. ಎರಡು ಬಕೆಟ್ ನೀರು ಸುರಿದರೆ ಅದು ಪೈಪಿನ ಕಡೆ ಓಡಬೇಕು, ಮೂಲೆಯಲ್ಲಿ ಮಡುಗಟ್ಟಬಾರದು. ಎರಡು, ನೆಲ ಮತ್ತು ಪ್ಯಾರಪೆಟ್ ಸೇರುವ ಸಂದು. ಅಲ್ಲಿ ಗೌಂಡಿಗಳು ಗೋಲಾ ಅಥವಾ ವಾಟಾ ಅನ್ನುವ ದುಂಡನೆಯ ಅಂಚು ಇರಬೇಕು, ವಾಟರ್‌ಪ್ರೂಫಿಂಗ್ ಪದರ ಗೋಡೆಯ ಮೇಲೆ ಕನಿಷ್ಠ ಅರ್ಧ ಅಡಿ ಹತ್ತಿರಬೇಕು. ನೆಲದ ಮಟ್ಟಕ್ಕೇ ನಿಲ್ಲಿಸಿದರೆ ನಿಂತ ನೀರು ಪದರದ ಹಿಂದಿನಿಂದ ಇಳಿಯುತ್ತದೆ. ಪ್ಯಾರಪೆಟ್‌ನ ತಲೆಯನ್ನೂ ಮರೆಯಬಾರದು. ಅದರ ಮೇಲಿನ ಗಾರೆ ಬಿರಿದರೆ ಇಟ್ಟಿಗೆ ಗೋಡೆಯೇ ನೀರು ಕುಡಿದು ಕೆಳಗೆ ಕಳಿಸುತ್ತದೆ. ಮೂರು, ಮಳೆಪೈಪಿನ ಬಾಯಿ. ಎಲೆ, ಪಾರಿವಾಳದ ಪುಕ್ಕ, ಒಣಗಲು ಹಾಕಿದ್ದ ಶೇಂಗಾದ ಸಿಪ್ಪೆ ಇಷ್ಟು ಸಾಕು ಟೆರೇಸ್ ಕೆರೆಯಾಗಲು. ಸಂದಿನಲ್ಲಿ ಅರಳಿ ಸಸಿ ಎದ್ದಿದ್ದರೆ ಸುಮ್ನೆ ಕಿತ್ತರೆ ಸಾಲದು, ಬೇರು ಎಲ್ಲಿಯವರೆಗೆ ಹೋಗಿದೆ ನೋಡಬೇಕು.

ತುಕ್ಕಿನ ಗುರುತು ಇರುವ ಸ್ಲ್ಯಾಬಿನಲ್ಲಿ ಇನ್ನೊಂದು ಪರೀಕ್ಷೆ ಕೇಳಿ ಪಡೆಯಿರಿ. ಸ್ವಲ್ಪ ಕಾಂಕ್ರೀಟ್ ಕೆತ್ತಿ, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಕಾಂಕ್ರೀಟ್ ಚೆನ್ನಾಗಿದ್ದಲ್ಲಿ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಬಾರದ ಭಾಗದಲ್ಲಿ ಕಬ್ಬಿಣವನ್ನು ಕಾಯುವ ಕ್ಷಾರ ಹೋಗಿದೆ. ಆ ಬಣ್ಣವಿಲ್ಲದ ಪದರ ಕಂಬಿಯವರೆಗೂ ಮುಟ್ಟಿದ್ದರೆ ಮೇಲೆ ಕೋಟಿಂಗ್ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಅದು ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕಾದ ಕೆಲಸ.

ನೀರು ನಿಲ್ಲಿಸುವ ಪರೀಕ್ಷೆ

ಕಣ್ಣಿಗೆ ಕಾರಣ ಸಿಗದಿದ್ದಾಗ ಇದೇ ಖಚಿತ ದಾರಿ. ಮಳೆಪೈಪಿನ ಬಾಯಿ ಮುಚ್ಚಿ, ಗಾರೆಯ ಸಣ್ಣ ಬದು ಕಟ್ಟಿ, ಒಂದರಿಂದ ಎರಡು ಇಂಚು ನೀರನ್ನು 24ರಿಂದ 72 ಗಂಟೆ ನಿಲ್ಲಿಸುತ್ತಾರೆ. ಇಡೀ ಟೆರೇಸ್ ಒಟ್ಟಿಗೆ ತುಂಬಿದರೆ ಸೋರುತ್ತದೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗುವುದಿಲ್ಲ. ಭಾಗ ಮಾಡಿ ಒಂದೊಂದಾಗಿ ತುಂಬಬೇಕು. ಇಳಿಜಾರಿನ ಕೆಳಗಿನ ಭಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಒಂದು ಭಾಗ ಒಣಗಿದ ಮೇಲೆ ಇನ್ನೊಂದು. ಕೋಬಾ ಇದ್ದರೆ ನಡುವೆ ಜಾಸ್ತಿ ದಿನ ಬಿಡಬೇಕು, ಹಳೆಯ ನೀರು ಬೇರೆ, ಹೊಸ ನೀರು ಬೇರೆ ಎಂದು ತಿಳಿಯಲು.

10 ಅಡಿ ಉದ್ದ, 10 ಅಡಿ ಅಗಲದ ಭಾಗಕ್ಕೆ ಎರಡು ಇಂಚು ನೀರು ಅಂದರೆ ಸುಮಾರು 470 ಲೀಟರ್. ತೂಕವೂ ಅಷ್ಟೇ ಕಿಲೋ. ಗಟ್ಟಿ ಸ್ಲ್ಯಾಬಿಗೆ ಇದು ಭಾರವಲ್ಲ. ಆದರೆ ಕಂಬಿ ಕಾಣುವ, ಗಾರೆ ಉದುರುವ, ನಡುವೆ ಜೋತ ಸ್ಲ್ಯಾಬಿನ ಮೇಲೆ ಈ ಪರೀಕ್ಷೆ ಮಾಡಲೇಬಾರದು. ಮೊದಲು ಸ್ಲ್ಯಾಬ್ ನೋಡದೆ ನೇರ ನೀರು ತುಂಬಿಸಲು ಹೊರಟವರನ್ನು ತಡೆಯಿರಿ.

ವಿಜಯಪುರದ ಏಪ್ರಿಲ್‌ನಲ್ಲಿ ಈ ಪರೀಕ್ಷೆ ಮಾಡಿದರೆ ನೀರಿನ ಮಟ್ಟ ಹೇಗಿದ್ದರೂ ಇಳಿಯುತ್ತದೆ, ಬಿಸಿಲಿಗೆ ಆವಿಯಾಗುತ್ತದೆ. ಮಟ್ಟ ಇಳಿಯಿತು, ಸೋರಿದೆ ಅನ್ನುವ ಹಾಗಿಲ್ಲ. ಪಕ್ಕದಲ್ಲೇ ಬಿಸಿಲಿಗೆ ಒಂದು ಅಗಲವಾದ ಬೋಗುಣಿಯಲ್ಲಿ ಅಷ್ಟೇ ಆಳದ ನೀರಿಟ್ಟು ಎರಡಕ್ಕೂ ಗುರುತು ಹಾಕಿ. ಟೆರೇಸಿನ ನೀರು ಬೋಗುಣಿಯ ನೀರಿಗಿಂತ ಜಾಸ್ತಿ ಇಳಿದರೆ ಆಗ ಸಂಶಯಪಡಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ತಿಂಗಳು ಅದು. ಹಾಗಾಗಿ ಒಂದು ಭಾಗದ ನೀರನ್ನೇ ಮುಂದಿನ ಭಾಗಕ್ಕೆ ತಿರುಗಿಸಿ, ಕೊನೆಗೆ ಗಿಡಗಳಿಗೆ ಬಿಡುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ.

ಹೆಂಚು, ಕಲ್ಲು, ಮೇಲ್ಮುದ್ದಿ

ಖಾನಾಪುರದ ಕಡೆ ಮತ್ತು ಬೆಳಗಾವಿಯ ಹಳೆ ಮನೆಗಳಲ್ಲಿ ಹೆಂಚಿನ ಮಾಡು ಇನ್ನೂ ಇದೆ. ಇಲ್ಲಿ ತಪಾಸಣೆ ರಸ್ತೆಯಿಂದ ಶುರುವಾಗಬೇಕು. ಎದುರು ನಿಂತು ನೆತ್ತಿಯ ಗೆರೆ ನೋಡಿ. ಗೆರೆ ನೆಟ್ಟಗಿಲ್ಲದೆ ನಡುವೆ ತಗ್ಗಿದ್ದರೆ ದೋಷ ಹೆಂಚಿನದ್ದಲ್ಲ, ಕೆಳಗಿನ ಮರದ್ದು. ಹೆಂಚು ಬದಲಿಸಿ ಉಪಯೋಗವಿಲ್ಲ. ಅಟ್ಟದಲ್ಲಿ ಹಗಲು ಹೊತ್ತು ಲೈಟ್ ಆರಿಸಿ ನಿಂತರೆ ಜರುಗಿದ ಹೆಂಚಿನ ಸಂದಿನಿಂದ ಬೆಳಕು ಕಾಣುತ್ತದೆ. ರೀಪಿಗೆ ಚೂಪಾದ ಮೊಳೆ ಒತ್ತಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಮಳೆ ನೆನೆದ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ಬಾದಾಮಿ ಸುತ್ತಲಿನ ಕಲ್ಲುಚಪ್ಪಡಿ ಮಾಳಿಗೆಯಲ್ಲಿ ಸೋರುವುದು ಕಲ್ಲಲ್ಲ, ಕಲ್ಲುಗಳ ನಡುವಿನ ಸಂದು. ಈ ತೊಂದರೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಐಹೊಳೆಯ ಲಾಡ್‌ಖಾನ್ ಗುಡಿಯ ಇಳಿಜಾರು ಮಾಡು ನೋಡಿ. ಎರಡು ಚಪ್ಪಡಿ ಸೇರುವ ಪ್ರತಿ ಸಂದಿನ ಮೇಲೂ ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ನೀರು ಸಂದಿಗೆ ಇಳಿಯದೆ ಪಕ್ಕಕ್ಕೆ ಜಾರಿ ಹೋಗುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಕೆಲಸ ಅದು. ನಮ್ಮ ಮನೆಗಳಲ್ಲಿ ಆ ಸಂದಿಗೆ ತುಂಬಿದ ಸುಣ್ಣದ ಗಾರೆ ಉದುರಿ, ಹುಲ್ಲು ಬೆಳೆದಿರುತ್ತದೆ. ಸಂದು ಕೆದರಿ ಹೊಸದಾಗಿ ತುಂಬಿದರೆ ಸಾಕಾಗಬಹುದು. ಆದರೆ ಚಪ್ಪಡಿಯ ನಡುವೆ, ಕೆಳಗಿನಿಂದ ಬಿರುಕು ಕಂಡರೆ ಅದು ಸೋರಿಕೆಯ ಪ್ರಶ್ನೆಯೇ ಅಲ್ಲ. ಕಲ್ಲು ಕಬ್ಬಿಣದ ಹಾಗೆ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಕೆಳಗೆ ಆನಿಕೆ ಕೊಟ್ಟು, ಕೋಣೆ ಖಾಲಿ ಮಾಡಿ.

ಮೇಲ್ಮುದ್ದಿ ಮನೆಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಬಿಸಿಲಿಗೆ ಅಷ್ಟು ತಂಪಾದ ಮನೆ ಬೇರೆ ಇಲ್ಲ. ಆದರೆ ಸೋರಿದಾಗಲೆಲ್ಲ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಹತ್ತಿರ ಹತ್ತಿರ 500 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಜಾಸ್ತಿ. ಕೆಳಗಿನ ತೊಲೆಗೆ ಮಾತ್ರ ವಯಸ್ಸಾಗುತ್ತಲೇ ಇರುತ್ತದೆ. ತೊಲೆ ಗೋಡೆಯೊಳಗೆ ಹೊಕ್ಕ ತುದಿಯನ್ನು ನೋಡಿ, ಅಲ್ಲೇ ಮೊದಲು ಕೊಳೆಯುವುದು. ಜಂತಿ ಜೋತಿದ್ದರೆ, ಮಣ್ಣಿನ ಪುಡಿ ಉದುರಲು ಶುರುವಾದರೆ, ಸರಿಯಾಗಿದ್ದ ಬಾಗಿಲು ಒಮ್ಮೆಲೇ ಬಿಗಿಯಾದರೆ, ಜಡಿಮಳೆಯ ರಾತ್ರಿ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಇಂಥ ಮನೆಗೆ ಮೇಲೆ ಇನ್ನೊಂದು ಪದರ ಹಾಕಲು ಹೇಳುವವರ ಮಾತು ಕೇಳಬೇಡಿ. ಹಳೆಯ ಮಣ್ಣು ಇಳಿಸಿ, ಮರ ನೋಡಿ, ಆಮೇಲೆ ತೆಳುವಾಗಿ ಹೊಸದು.

ಯಾರನ್ನು ಕರೆಯುವುದು, ಕೈಗೆ ಏನು ಪಡೆಯುವುದು

ಉಚಿತ ತಪಾಸಣೆ ಎಂದು ಬರುವವರು ಬಹುತೇಕ ಕೋಟಿಂಗ್ ಮಾರುವವರು. ಅವರ ಕೆಲಸ ಒಳ್ಳೆಯದಿರಬಹುದು, ಆದರೆ ನೋಡುವ ಮೊದಲೇ ಮದ್ದು ಅವರ ಚೀಲದಲ್ಲಿದೆ. ಸಾಧ್ಯವಿದ್ದರೆ ನೋಡುವವರು ಬೇರೆ, ಮಾಡುವವರು ಬೇರೆ ಇರಲಿ. ಊರಿನಲ್ಲಿ ಸ್ವಂತ ಕಚೇರಿ ಇಟ್ಟ ಸಿವಿಲ್ ಇಂಜಿನಿಯರ್‌ಗಳನ್ನು ವಿಚಾರಿಸಿ. ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಅಲ್ಲಿನ ಸಿವಿಲ್ ವಿಭಾಗದಲ್ಲಿ ಕೇಳಿದರೂ ದಾರಿ ಸಿಗಬಹುದು. ಶುಲ್ಕ ಎಷ್ಟು, ನೀರಿನ ಪರೀಕ್ಷೆ ಅದರಲ್ಲಿ ಸೇರಿದೆಯೇ, ವರದಿ ಬರೆದು ಕೊಡುತ್ತೀರಾ ಎಂದು ಫೋನಿನಲ್ಲೇ ಕೇಳಿ.

ವರದಿ ಎಂದರೆ ಒಂದು ಪುಟದ ಕೊಟೇಶನ್ ಅಲ್ಲ. ಅದರಲ್ಲಿ ಟೆರೇಸಿನ ಕೈನಕ್ಷೆ ಇರಬೇಕು, ದೋಷಗಳ ಫೋಟೋ ಇರಬೇಕು, ನೀರು ಹೊಕ್ಕ ಜಾಗ ಮತ್ತು ಹೊರಬಂದ ಜಾಗ ಎರಡನ್ನೂ ಗುರುತಿಸಿರಬೇಕು. ಯಾವುದು ಈಗಲೇ ಆಗಬೇಕು, ಯಾವುದು ಮುಂದಿನ ವರ್ಷಕ್ಕೆ ಆಗಬಹುದು ಎಂದು ಬೇರೆ ಮಾಡಿರಬೇಕು. ನೋಡಲಾಗದ ಜಾಗ ಯಾವುದು ಎಂದೂ ಬರೆದಿರಬೇಕು. ಫಾಲ್ಸ್ ಸೀಲಿಂಗ್ ಇದ್ದ ಕೋಣೆಯನ್ನು ಬಿಚ್ಚದೆ ನೋಡಲು ಆಗಲ್ಲ, ಅಲ್ವಾ? ಅದನ್ನು ಒಪ್ಪಿಕೊಂಡ ವರದಿ ನಂಬಿಕೆಗೆ ಯೋಗ್ಯ.

ಆ ವರದಿಯನ್ನೇ ಎರಡು ಮೂರು ಜನ ಕೆಲಸ ಮಾಡುವವರಿಗೆ ಕೊಟ್ಟು ದರ ಕೇಳಿ. ಆಗ ಎಲ್ಲರೂ ಒಂದೇ ಕೆಲಸಕ್ಕೆ ದರ ಹೇಳುತ್ತಾರೆ, ಹೋಲಿಸಲು ಬರುತ್ತದೆ. ಬೆಳಗಾವಿಯವರು ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಶುರು ಮಾಡಿಸಬೇಕು. ಒದ್ದೆ ಸ್ಲ್ಯಾಬಿನ ಮೇಲೆ ಹಾಕಿದ ಪದರ ಅಂಟಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಅದೇ ಭಾಗಗಳಿಗೆ ಮತ್ತೊಮ್ಮೆ ನೀರು ನಿಲ್ಲಿಸಿ ನೋಡಿ, ಆಮೇಲೆ ಕೊನೆಯ ಕಂತು ಕೊಡಿ. ಎರಡನೇ ಪರೀಕ್ಷೆಯಲ್ಲಿ ಸೋರಿದರೆ ಖರ್ಚು ಯಾರದ್ದು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ.